ನಾಲಗೆಗೂ ಸಿಕ್ಕದ ಕುಸುರಿ

ಹಲ್ಲಿನ ಬಣ್ಣವನ್ನು ಬೆಳಗಿನ ಹತ್ತು ಗಂಟೆಯ ಬೆಳಕಿನಲ್ಲಿ ನೋಡಬೇಕು ಎನ್ನುತ್ತಾರೆ ನಮ್ಮ ಮನೆಮಂದಿಗೆಲ್ಲ ಹಲ್ಲಿನ ಡಾಕ್ಟರಾಗಿರುವ ಮೇಡಂ. ಮೈಸೂರಿನ ಹಳೆಯ ಬಡಾವಣೆಯಲ್ಲಿರುವ ಅವರ ಕ್ಲಿನಿಕ್ಕಿನ ಕುರ್ಚಿಗೆ ಉತ್ತರದ ಕಿಟಕಿಯಿಂದ ಬೆಳಕು ಬೀಳುತ್ತದೆ. ಬಿಸಿಲಲ್ಲ, ತಿಳಿಯಾದ, ತಣ್ಣನೆಯ ಬೆಳಕು. ಮುಂದಿನ ಹಲ್ಲಿಗೆ ಏನಾದರೂ ಕೆಲಸವಿದ್ದರೆ ಅವರು ಮೊದಲು ತಲೆಯ ಮೇಲಿನ ದೊಡ್ಡ ದೀಪವನ್ನು ಆರಿಸುತ್ತಾರೆ. ತುಟಿಗೆ ಬಣ್ಣ ಹಚ್ಚಿದ್ದರೆ ಒರೆಸಿಕೊಳ್ಳಲು ಹೇಳುತ್ತಾರೆ. ಕಡುಗೆಂಪು ಸೀರೆ ಉಟ್ಟು ಬಂದಿದ್ದರೆ ಎದೆಯ ಮೇಲೊಂದು ಬೂದುಬಣ್ಣದ ಬಟ್ಟೆ ಹೊದಿಸುತ್ತಾರೆ. ಆಮೇಲೆ ಡ್ರಾಯರಿನಿಂದ ಷೇಡ್ ಗೈಡ್ ಹೊರಬರುತ್ತದೆ. ಒಂದು ಪಟ್ಟಿಯಲ್ಲಿ ಸಾಲಾಗಿ ಸಿಕ್ಕಿಸಿದ 16 ಹಲ್ಲುಗಳು. ಜರ್ಮನಿಯ ವೀಟಾ ಕಂಪನಿ 1956ರಲ್ಲಿ ಹೊರತಂದ ಈ ಪಟ್ಟಿ ಇವತ್ತಿಗೂ ಊರೂರಿನ ಕ್ಲಿನಿಕ್ಕುಗಳಲ್ಲಿ ಚಾಲ್ತಿಯಲ್ಲಿದೆ. ಎ ಗುಂಪಿನಲ್ಲಿ ಕೆಂಪು ಬೆರೆತ ಕಂದು, ಬಿ ಗುಂಪಿನಲ್ಲಿ ಕೆಂಪು ಬೆರೆತ ಹಳದಿ, ಸಿ ಗುಂಪಿನಲ್ಲಿ ಬೂದು, ಡಿ ಗುಂಪಿನಲ್ಲಿ ಕೆಂಪು ಸೋಂಕಿದ ಬೂದು. ನಾವೆಲ್ಲ ಬಿಳಿ ಎಂದು ಒಂದೇ ಮಾತಿನಲ್ಲಿ ಮುಗಿಸುವ ಕಡೆ ಇಷ್ಟೊಂದು ಬಣ್ಣಗಳು ಮಲಗಿರುತ್ತವೆ.

ಎರಡು ಮೂರು ಮಾದರಿಗಳನ್ನು ಆಯ್ದು ನನ್ನ ಹಲ್ಲಿನ ಪಕ್ಕದಲ್ಲಿ ಹಿಡಿದು ಅವರು ನೋಡುವುದು ಐದಾರು ಸೆಕೆಂಡು ಮಾತ್ರ. ಹೆಚ್ಚು ಹೊತ್ತು ದಿಟ್ಟಿಸಿದರೆ ಕಣ್ಣು ಸೋಲುತ್ತದೆ, ಹತ್ತಿರದ ಎರಡು ಬಣ್ಣಗಳು ಒಂದೇ ಆಗಿ ಕಾಣತೊಡಗುತ್ತವೆ. ಆದ್ದರಿಂದ ನೋಟವನ್ನು ಬೂದು ಬಟ್ಟೆಯ ಕಡೆಗೆ ತಿರುಗಿಸಿ, ದಣಿವಾರಿಸಿ, ಮತ್ತೆ ಹಲ್ಲಿಗೆ ತರುತ್ತಾರೆ. ಇದೆಲ್ಲ ಕೆಲಸ ಶುರುವಾಗುವ ಮುಂಚೆಯೇ ಮುಗಿಯಬೇಕು. ಬಾಯಿ ತೆರೆದು ಕೂತಷ್ಟು ಹೊತ್ತೂ ಹಲ್ಲು ಒಣಗುತ್ತದೆ, ಒಣಗಿದ ಹಲ್ಲು ತನ್ನ ನಿಜಬಣ್ಣಕ್ಕಿಂತ ಬೆಳ್ಳಗೆ ಕಾಣುತ್ತದೆ. "ಬುಡದಲ್ಲಿ ಎ3, ಮಧ್ಯದಲ್ಲಿ ಎ2, ತುದಿಗೆ ಸ್ವಲ್ಪ ನೀಲಿ ಇದೆ, ಸರ್" ಎಂದು ಅವರು ಹೇಳಿದಾಗ ನನಗೆ ರೋಮಾಂಚನ. ನನ್ನದೇ ಬಾಯಲ್ಲಿ ಇಷ್ಟು ವರ್ಷ ಇದ್ದ ಹಲ್ಲಿನ ಅಂಚಿನಲ್ಲಿ ನೀಲಿ ಇತ್ತು!

ಇದ್ದೇ ಇರುತ್ತದೆ. ಹಲ್ಲಿಗೆ ಬಣ್ಣ ಕೊಡುವುದು ಒಳಗಿನ ಡೆಂಟಿನ್. ಅದು ಬೆಚ್ಚನೆಯ ಹಳದಿ. ಅದರ ಮೇಲೆ ಹೊದ್ದಿರುವ ಎನಾಮಲ್ ಅರೆಪಾರದರ್ಶಕ, ಬೆಳಕನ್ನು ಸ್ವಲ್ಪ ಒಳಗೆ ಬಿಟ್ಟುಕೊಂಡು ಸ್ವಲ್ಪ ತಡೆಯುತ್ತದೆ. ಬುಡದಲ್ಲಿ ಎನಾಮಲ್ ತೆಳು, ಆದ್ದರಿಂದ ಹಳದಿ ಮೇಲೆದ್ದು ಕಾಣುತ್ತದೆ. ಕಚ್ಚುವ ಅಂಚಿನಲ್ಲಿ ಹಿಂದೆ ಡೆಂಟಿನ್ನೇ ಇಲ್ಲ, ಅಲ್ಲಿ ಬೆಳಕು ಚೆದುರಿ ತಿಳಿನೀಲಿಯಾಗುತ್ತದೆ. ಕೋರೆಹಲ್ಲು ಎಲ್ಲರಲ್ಲೂ ಪಕ್ಕದವಕ್ಕಿಂತ ಒಂದು ಛಾಯೆ ಗಾಢ. ಒಂದು ಬಾಯಿಯನ್ನು ಹೀಗೆ ಓದಬಲ್ಲವರ ಮುಂದೆ ಬಾಯಿ ತೆರೆದು ಕೂರುವುದು ಸಂತೋಷದ ಕೆಲಸ.

ಜನ ಸಿಮೆಂಟ್ ಹಾಕಿಸುವುದು ಎನ್ನುತ್ತಾರಲ್ಲ, ಆ ಫಿಲ್ಲಿಂಗನ್ನೇ ಮೊದಲು ತೆಗೆದುಕೊಳ್ಳೋಣ. ದಿನಕ್ಕೆ ಹತ್ತಾರು ಸಲ ನಡೆಯುವ ಕೆಲಸ ಅದು, ಕ್ಲಿನಿಕ್ಕಿನ ಉಪ್ಪು ಸಾರು. ಅದರಲ್ಲೇ ಕೈಯ ಹದ ಗೊತ್ತಾಗುತ್ತದೆ. ಹುಳುಕನ್ನು ತೆರೆಯಲು ಏರೋಟಾರ್ ಬೇಕು. ಗಾಳಿಯ ಒತ್ತಡದಿಂದ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು ಸುತ್ತುವ ಈ ಯಂತ್ರ 1957ರಲ್ಲಿ ಬಂತು. ಹಲ್ಲು ಕೊರೆಯುವ ಆಸೆ ಮಾತ್ರ ಮನುಷ್ಯನಿಗೆ ಬಹಳ ಹಳೆಯದು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಒಂಬತ್ತು ಜನರ ಹನ್ನೊಂದು ದವಡೆ ಹಲ್ಲುಗಳಲ್ಲಿ ಕೊರೆದ ಗುರುತು ಸಿಕ್ಕಿದೆ, ಏಳೂವರೆ ಸಾವಿರದಿಂದ ಒಂಬತ್ತು ಸಾವಿರ ವರ್ಷದಷ್ಟು ಹಿಂದಿನದು. ಚಕಮಕಿ ಕಲ್ಲಿನ ಮೊನೆಯಿಂದ ಕೊರೆದವರ ಕೈ ಎಷ್ಟು ಸ್ಥಿರವಾಗಿತ್ತು ಎಂಬುದನ್ನು ಆ ಗುಂಡನೆಯ ಗುಳಿಗಳೇ ಹೇಳುತ್ತವೆ.

ನನಗೆ ಹೆಚ್ಚು ಇಷ್ಟವಾಗುವುದು ಏರೋಟಾರಿನ ಸದ್ದು ನಿಂತ ಮೇಲಿನ ಹೊತ್ತು. ಎನಾಮಲ್ ದಾಟಿದ ಮೇಲೆ ಮೇಡಂ ವೇಗದ ಯಂತ್ರವನ್ನು ಬದಿಗಿಟ್ಟು, ಪುಟಾಣಿ ಚಮಚದಂಥ ಎಕ್ಸ್‌ಕವೇಟರ್ ಹಿಡಿಯುತ್ತಾರೆ. ಕೊಳೆತ ಡೆಂಟಿನ್ ಮೆತ್ತಗೆ, ಪದರ ಪದರವಾಗಿ ಸುರುಳಿ ಸುತ್ತಿಕೊಂಡು ಬರುತ್ತದೆ. ಕೆರೆಯುತ್ತ ಕೆರೆಯುತ್ತ ಒಂದು ಹಂತದಲ್ಲಿ ಲೋಹದ ತುದಿಗೆ ಗಟ್ಟಿ ತಾಕುತ್ತದೆ, ಸದ್ದು ಬದಲಾಗುತ್ತದೆ. ನರದ ಹತ್ತಿರ ಅವರು ಅಲ್ಲಿಗೆ ನಿಲ್ಲಿಸುತ್ತಾರೆ. ಬಣ್ಣ ಇನ್ನೂ ಸ್ವಲ್ಪ ಕಂದಾಗಿ ಉಳಿದಿದ್ದರೂ ಕೈಗೆ ಗಟ್ಟಿ ಸಿಕ್ಕಿದರೆ ಮುಟ್ಟುವುದಿಲ್ಲ. ತೆಗೆಯಬಲ್ಲ ಕೈಗಿಂತ ಬಿಡಬಲ್ಲ ಕೈ ದೊಡ್ಡದು ಎಂದು ನನಗನ್ನಿಸುವುದು ಇಲ್ಲಿಯೇ.

ಮುಂದಿನದು ಅಂಟಿಸುವ ವಿದ್ಯೆ, ನನ್ನ ಕಣ್ಣಿಗೆ ಇಡೀ ದಂತವೈದ್ಯಕೀಯದಲ್ಲೇ ಅತ್ಯಂತ ಚೆಲುವಾದದ್ದು. ಕಾರ್ಖಾನೆಗಳಲ್ಲಿ ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲಿ ಎಂದು ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ಅದನ್ನು ಗಮನಿಸಿದ ಅಮೆರಿಕದ ಮೈಕಲ್ ಬ್ಯುನೊಕೋರ್ 1955ರಲ್ಲಿ ಅದೇ ಆಮ್ಲವನ್ನು ಎನಾಮಲ್ಲಿಗೆ ಹಚ್ಚಿ ನೋಡಿದರು. ದೇಹದಲ್ಲೇ ಅತಿ ಗಟ್ಟಿಯಾದ, ತೂಕದಲ್ಲಿ ಶೇಕಡಾ 96ರಷ್ಟು ಖನಿಜವೇ ಆದ ಆ ಹೊದಿಕೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಂಧ್ರಗಳನ್ನು ತೆರೆದುಕೊಂಡಿತು. ಇಂದು ಮೇಡಂ ಹಚ್ಚುವುದು ಶೇಕಡಾ 37ರ ಆಮ್ಲ, ನೀಲಿ ಜೆಲ್ಲಿನ ರೂಪದಲ್ಲಿ, ಹದಿನೈದು ಮೂವತ್ತು ಸೆಕೆಂಡು. ತೊಳೆದು ಗಾಳಿ ಊದಿದರೆ ಹೊಳೆಯುತ್ತಿದ್ದ ಎನಾಮಲ್ ಮಂಜು ಕವಿದ ಹಾಗೆ ಮಂಕು ಬಿಳಿಯಾಗಿ ನಿಲ್ಲುತ್ತದೆ. ಆ ಮಂಕೇ ಸರಿಯಾದ ಗುರುತು. ಡೆಂಟಿನ್ ಇರುವ ಕಡೆ ಮಾತ್ರ ಪೂರಾ ಒಣಗಿಸುವಂತಿಲ್ಲ. ಒಂದಿಷ್ಟು ಪಸೆ ಉಳಿಯಬೇಕು, ನೀರು ನಿಲ್ಲಬಾರದು. ಒಂದೇ ಗುಳಿಯಲ್ಲಿ ಅಂಚು ಒಣಗಿ, ತಳ ಪಸೆಯಾಗಿರಬೇಕು ಎಂದರೆ ಆ ಗಾಳಿಯನ್ನು ಎಷ್ಟು ಹಗುರಾಗಿ ಊದಬೇಕು ಯೋಚಿಸಿ.

ಮೇಲೆ ಬಾಂಡಿಂಗ್ ದ್ರವ, ಅದರ ಮೇಲೆ ಕಾಂಪೊಸಿಟ್. ರಾಳದಲ್ಲಿ ಗಾಜಿನ ನುಣುಪು ಕಣಗಳನ್ನು ಬೆರೆಸಿದ ಈ ಪದಾರ್ಥ ರಾಫೆಲ್ ಬೋವೆನ್ ಅವರ ಕೆಲಸದ ಫಲ, 1962ರ ಪೇಟೆಂಟ್. ಒಂದೇ ಸಲ ತುಂಬುವ ಪದಾರ್ಥಗಳೂ ಈಗ ಬಂದಿವೆ. ಮೇಡಂ ಮಾತ್ರ ಮುಂದಿನ ಹಲ್ಲಿಗೆ ಹಳೆಯ ಪದ್ಧತಿಯನ್ನೇ ಹಿಡಿದಿದ್ದಾರೆ: 2 ಮಿಲಿಮೀಟರಿಗಿಂತ ದಪ್ಪವಿಲ್ಲದ ಪದರಗಳು. ಒಳಗೆ ಡೆಂಟಿನ್ನಿನ ಬಣ್ಣದ್ದು, ಹೊರಗೆ ಎನಾಮಲ್ಲಿನಷ್ಟೇ ಬೆಳಕು ಬಿಡುವಂಥದ್ದು. ಪ್ರತಿ ಪದರಕ್ಕೂ ನೀಲಿ ಬೆಳಕು, ಇಪ್ಪತ್ತು ಸೆಕೆಂಡು. ಕಿತ್ತಳೆ ಬಣ್ಣದ ಗಾಜಿನ ಮರೆಯಿಂದ ಅವರು ನೋಡುತ್ತಿರುತ್ತಾರೆ. ಇನ್ನೂ ಮೆತ್ತಗಿರುವ ಕೊನೆಯ ಪದರದಲ್ಲಿ ಸಣ್ಣ ಕುಂಚದಿಂದ ಉಬ್ಬು ತಗ್ಗು ಎಬ್ಬಿಸುತ್ತಾರೆ. ದವಡೆ ಹಲ್ಲಾದರೆ ಮೊನಚು ತುದಿಯಿಂದ ಗೀರುಗಳನ್ನೆಳೆದು, ಇಳಿಜಾರುಗಳು ಸೇರುವ ಕಡೆ ಒಂದು ಹಳ್ಳವನ್ನಿಟ್ಟು, ಮೊದಲು ಅಲ್ಲಿ ಏನಿತ್ತೋ ಅದನ್ನೇ ಮರಳಿಸುತ್ತಾರೆ. ದವಡೆಯ ಹಿಂದುಗಡೆ, ಹೆಂಡತಿ ಮಕ್ಕಳೂ ಎಂದೂ ನೋಡದ ಮೂಲೆಯಲ್ಲಿ, ಇಷ್ಟು ನಯವಾದ ಕಣಿವೆ!

ಕೊನೆಗೆ ಕಾಗದ. ಕೆಂಪೋ ನೀಲಿಯೋ ಮಸಿ ಬಳಿದ ತೆಳು ಕಾಗದವನ್ನು ಹಲ್ಲುಗಳ ನಡುವೆ ಇಟ್ಟು "ಕಚ್ಚಿ... ಟಕಟಕ ಅನ್ನಿಸಿ... ಈಗ ಆ ಕಡೆ ಈ ಕಡೆ ಅರೆಯಿರಿ" ಎನ್ನುತ್ತಾರೆ. ಎತ್ತರವಿದ್ದಲ್ಲಿ ಗಾಢವಾದ ಚುಕ್ಕೆ ಬೀಳುತ್ತದೆ. ಕಾಗದದ ದಪ್ಪ 40 ಮೈಕ್ರಾನ್, ಅದಕ್ಕಿಂತ ತೆಳುವಾದ ಹಾಳೆ 8 ಮೈಕ್ರಾನ್. ಆದರೂ ಕೊನೆಯ ತೀರ್ಪು ಕಾಗದದ್ದಲ್ಲ, ಕುರ್ಚಿಯಲ್ಲಿ ಕೂತವರದು. ಹಲ್ಲು ಮೂಳೆಗೆ ನೇರವಾಗಿ ನಾಟಿಕೊಂಡಿಲ್ಲ; ಎರಡರ ನಡುವೆ ಸುಮಾರು 0.2 ಮಿಲಿಮೀಟರಿನ ನಾರಿನ ಹಾಸಿದೆ, ಅದರ ತುಂಬ ಸ್ಪರ್ಶದ ನರಗಳು. ಅದರ ಬಲದಿಂದ ನಾವು ಸುಮಾರು 20 ಮೈಕ್ರಾನಿನ ವ್ಯತ್ಯಾಸವನ್ನೂ ಹಲ್ಲಿನಲ್ಲೇ ಗುರುತಿಸುತ್ತೇವೆ, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅನ್ನದಲ್ಲಿನ ಮರಳಿನ ಕಣ ಇಡೀ ತುತ್ತನ್ನು ಕೆಡಿಸುವುದು ಅದಕ್ಕೇ. ಮೇಡಂ ಒಂದು ಚೂರು ಸವರುತ್ತಾರೆ, ಮತ್ತೆ ಕಾಗದ, ಮತ್ತೆ ಒಂದು ಚೂರು. ಆಮೇಲೆ ಒರಟಿನಿಂದ ನುಣುಪಿಗೆ ಇಳಿಯುತ್ತ ಹೋಗುವ ಪುಟ್ಟ ಬಿಲ್ಲೆಗಳಿಂದ ಪಾಲಿಷ್. ನಾಲಗೆ ಹುಡುಕಿಕೊಂಡು ಹೋಗುತ್ತದೆ, ಎಲ್ಲಿ ಹಳೆಯ ಹಲ್ಲು ಮುಗಿಯಿತು, ಎಲ್ಲಿ ಹೊಸದು ಶುರುವಾಯಿತು ಎಂದು. ಸಿಕ್ಕುವುದಿಲ್ಲ. ಒಳ್ಳೆಯ ದಂತವೈದ್ಯರ ಕುಸುರಿ ಎಂದರೆ ಇದು: ಅದರ ಹೆಚ್ಚುಗಾರಿಕೆ ಇರುವುದು ನಾಲಗೆಗೂ ಸಿಕ್ಕದಿರುವುದರಲ್ಲಿ.

ಕ್ಲೀನಿಂಗನ್ನು ಜನ ಹಗುರಾಗಿ ಕಾಣುತ್ತಾರೆ, ನನಗದು ಒಪ್ಪಿಗೆಯಿಲ್ಲ. ಹಲ್ಲಿನ ಮೇಲಿನ ಗಾರೆ ಎಲ್ಲೆಂದರಲ್ಲಿ ಕಟ್ಟುವುದಿಲ್ಲ. ಕೆಳಗಿನ ಬಾಚಿಹಲ್ಲುಗಳ ಹಿಂಬದಿ, ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿ ಅದರ ನೆಚ್ಚಿನ ಜಾಗಗಳು. ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುವುದು ಅಲ್ಲಿಯೇ, ಜೊಲ್ಲಿನ ಖನಿಜವೇ ಪಾಚಿಯನ್ನು ಕಲ್ಲಾಗಿಸುತ್ತದೆ. ಅಲ್ಟ್ರಾಸೋನಿಕ್ ತುದಿ ಸೆಕೆಂಡಿಗೆ ಇಪ್ಪತ್ತೈದು ಮೂವತ್ತು ಸಾವಿರ ಸಲ ಕಂಪಿಸುತ್ತ, ನೀರಿನ ತುಂತುರಿನ ನಡುವೆ ಅದನ್ನು ಎಬ್ಬಿಸುತ್ತದೆ. ಎಲೆ ಅಡಿಕೆ ಹಾಕುವವರ ಬಾಯಲ್ಲಿ ಕಂದುಗಪ್ಪು ಪದರ ಕಳಚಿ, ಒಳಗಿನ ಹಾಲುಗೆನೆಯ ಬಣ್ಣ ಮೆಲ್ಲಗೆ ಹೊರಬರುವುದು ನೋಡಲು ಬಲು ಚೆಂದ. ಆದರೆ ಯಂತ್ರ ಮುಗಿದ ಮೇಲೆ ಒಸಡಿನ ಅಡಿಯಲ್ಲಿ ಕೈಯುಪಕರಣದ ಸರದಿ. ಗ್ರೇಸಿ ಕ್ಯುರೆಟ್ ಎಂಬ ಬಾಗುತುದಿಯ ಸಲಕರಣೆಗಳಿವೆ. 11/12 ದವಡೆ ಹಲ್ಲಿನ ಮುಂಬದಿಗೆ, 13/14 ಅದೇ ಹಲ್ಲಿನ ಹಿಂಬದಿಗೆ. ಒಂದೊಂದು ಮೂಲೆಗೂ ಒಂದೊಂದು ಬಾಗು, ಒಂದೇ ಕಡೆ ಹರಿತ. ಅಲ್ಲಿ ಕಣ್ಣಿಗೆ ಏನೂ ಕಾಣದು. ಬೆರಳ ತುದಿಯೇ ನೋಡಬೇಕು. ಬೇರಿನ ಮೇಲೆ ಗರಗರ ಎನ್ನುತ್ತಿದ್ದ ಅಂಚು ಒಮ್ಮೆಗೆ ಗಾಜಿನ ಮೇಲೆ ಜಾರಿದಂತೆ ಜಾರಿದಾಗ ಮೇಡಂ ಮುಖದಲ್ಲಿ ಒಂದು ಬಿಡುವು ಕಾಣುತ್ತದೆ. ನನಗೂ ಒಳಗಿನಿಂದ ಅದು ಕೇಳಿಸಿರುತ್ತದೆ.

ಸೂಜಿಯ ಮಾತನ್ನು ಬಿಡುವಂತಿಲ್ಲ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ರೂಪಿಸಿದ, ಮರಗಟ್ಟಿಸುವ ಲಿಗ್ನೊಕೇನ್ ಇವತ್ತಿಗೂ ಪ್ರತಿ ಕ್ಲಿನಿಕ್ಕಿನ ಮೊದಲ ಔಷಧಿ. ಅದನ್ನು ಕೊಡುವ ಕೈಯಲ್ಲೇ ವ್ಯತ್ಯಾಸ. ಮೊದಲು ಒಸಡಿಗೆ ಜೆಲ್, ಆಮೇಲೆ ಕೆನ್ನೆಯನ್ನು ಎಳೆದು ಹಿಡಿದು ಅಲುಗಾಡಿಸುತ್ತ, ಒಂದು ಮಿಲಿಲೀಟರಿಗೆ ಒಂದು ನಿಮಿಷದಷ್ಟು ನಿಧಾನವಾಗಿ ಒತ್ತುತ್ತಾರೆ. ನೋವು ಹೆಚ್ಚಾಗಿ ಬರುವುದು ಅವಸರದಿಂದ. ಕೆಳದವಡೆಯ ಸೂಜಿಯಾದರೆ, ಕೆಳದುಟಿಯ ಅರ್ಧ ಮಾತ್ರ, ಗಲ್ಲದ ನಡುವಿನಲ್ಲಿ ಗೆರೆ ಎಳೆದ ಹಾಗೆ, ಮರಗಟ್ಟಿದರೆ ನರ ಸರಿಯಾಗಿ ಸಿಕ್ಕಿದೆ ಎಂದು ಲೆಕ್ಕ.

ರೂಟ್ ಕೆನಾಲ್ ಎಂದರೆ ಮುಖ ಕಿವಿಚುವವರು ಒಮ್ಮೆಯಾದರೂ ಆ ಹಲ್ಲಿನ ಒಳಕೋಣೆಯನ್ನು ದೊಡ್ಡದು ಮಾಡಿದ ಫೋಟೊದಲ್ಲಿ ನೋಡಬೇಕು. ನಾನು ಕೇಳಿ ನೋಡಿದ್ದೇನೆ. ಹಲ್ಲಿನ ಮೇಲೆ ಹಸಿರು ರಬ್ಬರ್ ಡ್ಯಾಮ್ ಬಿಗಿದಿರುತ್ತದೆ. 1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಮೊದಲು ಬಳಸಿದ ಈ ತೆಳು ಹಾಳೆ ಬಾಯಿಯ ತೇವವನ್ನೆಲ್ಲ ದೂರವಿಟ್ಟು ಒಂದೇ ಹಲ್ಲನ್ನು ಎತ್ತಿ ತೋರಿಸುತ್ತದೆ. ಒಳಗೆ, ಕೋಣೆಯ ಗೋಡೆಗಳು ತಿಳಿಬಣ್ಣ, ನೆಲ ಮಾತ್ರ ಗಾಢ ಬೂದು. ಆ ಗಾಢ ನೆಲದಲ್ಲಿ ಇನ್ನೂ ಗಾಢವಾದ ಗೆರೆಗಳು ಹಬ್ಬಿ, ಗೋಡೆ ನೆಲಕ್ಕೆ ಸೇರುವ ಮೂಲೆಗಳಲ್ಲಿ ಮುಗಿಯುತ್ತವೆ. ಕೆನಾಲುಗಳ ಬಾಯಿ ಅಲ್ಲಿಯೇ. ಮೇಲಿನ ಮೊದಲ ದವಡೆ ಹಲ್ಲಿಗೆ ಬೇರು ಮೂರೇ ಆದರೂ ಹಲವು ಸಲ ನಾಲ್ಕನೆಯ ಕೆನಾಲೊಂದು ಅಡಗಿರುತ್ತದೆ. ಗೆರೆ ಹಿಡಿದು ಹೋದರೆ ಅದೂ ಸಿಕ್ಕುತ್ತದೆ. ಹಲ್ಲು ತನ್ನ ನಕ್ಷೆಯನ್ನು ತನ್ನ ನೆಲದಲ್ಲೇ ಬರೆದಿಟ್ಟಿರುತ್ತದೆ.

ಕೆನಾಲನ್ನು ಕೆರೆದು ಶುಚಿಮಾಡುವ ಫೈಲುಗಳ ಪೆಟ್ಟಿಗೆ ತೆರೆದರೆ ಬಣ್ಣಬಣ್ಣದ ಹಿಡಿಗಳು: 15 ಬಿಳಿ, 20 ಹಳದಿ, 25 ಕೆಂಪು, 30 ನೀಲಿ, 35 ಹಸಿರು, 40 ಕಪ್ಪು. ಸಂಖ್ಯೆಯೇ ತುದಿಯ ಅಳತೆ. 15 ಎಂದರೆ 0.15 ಮಿಲಿಮೀಟರ್. ಮೊದಲಿಗೆ ಉಕ್ಕಿನವು, ಗಟ್ಟಿ ಬೆನ್ನಿನವು. 1988ರಲ್ಲಿ ಅಮೆರಿಕದಲ್ಲಿ ನಿಕ್ಕೆಲ್ ಟೈಟೇನಿಯಂ ತಂತಿಯಿಂದ ಫೈಲು ಮಾಡಿ ನೋಡಿದ ಮೇಲೆ ಈ ಕೆಲಸದ ನಡೆಯೇ ಬದಲಾಯಿತು: ಬೇರು ಬಾಗಿದಂತೆ ಫೈಲೂ ಬಾಗಿ, ಹೊರಬಂದೊಡನೆ ನೆಟ್ಟಗಾಗುತ್ತದೆ. ಬೇರಿನ ತುದಿ ಹತ್ತಿರ ಬಂದಾಗ ಏಪೆಕ್ಸ್ ಲೊಕೇಟರ್ ಎಂಬ ಪುಟ್ಟ ಯಂತ್ರದ ಬೀಪ್ ಸದ್ದು ಒತ್ತೊತ್ತಾಗುತ್ತದೆ. ಅರ್ಧ ಮಿಲಿಮೀಟರ್ ಈಚೆಗೆ ನಿಲ್ಲಿಸಬೇಕೋ ಇನ್ನೊಂದು ಕೂದಲು ಮುಂದೆ ಹೋಗಬೇಕೋ ಎನ್ನುವ ಆ ಎಚ್ಚರದ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ.

ತೊಳೆದು ಒಣಗಿಸಿದ ಕೆನಾಲನ್ನು ತುಂಬುವುದು ಗಟ್ಟಾಪರ್ಚಾದಿಂದ. ನಸುಗೆಂಪು ಬಣ್ಣದ, ಸೂಜಿಯಂತೆ ತುದಿಗೆ ಸಣ್ಣಗಾಗುವ ಕಡ್ಡಿಗಳು. ಮಲಯ ನಾಡಿನ ಪಲಾಕ್ವಿಯಂ ಮರದ ಹಾಲು ಅದು. 19ನೇ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಕೆಯಾಗಿ, ಗಾಲ್ಫ್ ಚೆಂಡಾಗಿ ಹೆಸರು ಮಾಡಿ, 1867ರ ಹೊತ್ತಿಗೆ ಹಲ್ಲಿನ ಬೇರಿಗೂ ಬಂತು. ಅದೇ ಪಲಾಕ್ವಿಯಂ ಕುಲದ ಇನ್ನೊಂದು ಮರ ನಮ್ಮ ಪಶ್ಚಿಮ ಘಟ್ಟದ ನಿತ್ಯಹಸಿರಿನ ಕಾಡಿನಲ್ಲಿ ಬೆಳೆಯುತ್ತದೆ. ಸಪೋಟ ಈ ಮರಗಳ ಬಳಗ. ಬಕುಳವೂ. ಒಣಗಿದ ಮೇಲೂ ಕಂಪು ಬಿಡದ ಹೂವಿನ ಆ ಬಕುಳದ ತೊಗಟೆಯನ್ನು ಅಲುಗುವ ಹಲ್ಲು ಗಟ್ಟಿಯಾಗಲೆಂದು ಆಯುರ್ವೇದದವರು ಬಳಸುತ್ತ ಬಂದಿದ್ದಾರೆ. ಒಂದೇ ಸಸ್ಯವಂಶ ಎರಡು ದಾರಿಯಿಂದ ಮನುಷ್ಯನ ಹಲ್ಲಿನ ಬುಡಕ್ಕೆ ಬಂದು ಸೇರಿದೆಯಲ್ಲ ಎಂಬುದು ನನಗೆ ಎಷ್ಟು ಸಲ ನೆನೆದರೂ ಸವಿ. ಕಡ್ಡಿಯ ಪಕ್ಕ ಕಡ್ಡಿ ಒತ್ತಿ, ಕಾಯಿಸಿದ ಸಲಕರಣೆಯಿಂದ ಮೇಲಿನ ಜುಟ್ಟನ್ನು ಕತ್ತರಿಸಿ, ಎಕ್ಸ್‌ರೇ ತೆಗೆಯುತ್ತಾರೆ. 1896ರಲ್ಲಿ ಜರ್ಮನಿಯ ಒಟ್ಟೊ ವಾಲ್ಕೋಫ್ ತಮ್ಮದೇ ಹಲ್ಲಿನ ಎಕ್ಸ್‌ರೇಗೆ 25 ನಿಮಿಷ ಅಲುಗದೆ ಇದ್ದರು. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಚಿತ್ರ. ಬೂದು ಬೇರಿನ ನಡುವೆ ಬೆಳ್ಳನೆಯ ಗೆರೆ, ಬಾಗುತ್ತ, ಸಣ್ಣಗಾಗುತ್ತ, ತುದಿಗೆ ಸರಿಯಾಗಿ ಬಂದು ನಿಂತಿರುತ್ತದೆ. ಒಳ್ಳೆಯ ರೂಟ್ ಕೆನಾಲಿನ ಎಕ್ಸ್‌ರೇಯನ್ನು ಜನ ಕವರಿನಲ್ಲಿಟ್ಟು ಮರೆಯುತ್ತಾರೆ, ನಾನು ಬೆಳಕಿಗೆ ಹಿಡಿದು ನೋಡುತ್ತೇನೆ.

ಆ ಹಲ್ಲಿಗೆ ಮೇಲೊಂದು ಕ್ಯಾಪ್ ಬೇಕು. ಇಲ್ಲಿ ಇನ್ನೊಬ್ಬ ಕಲಾವಿದ ಬರುತ್ತಾನೆ, ರೋಗಿ ಎಂದೂ ಮುಖ ನೋಡದವನು: ಲ್ಯಾಬಿನ ಟೆಕ್ನಿಷಿಯನ್. ಮೇಡಂ ಹಲ್ಲನ್ನು ಸುತ್ತಲೂ ಒಂದೂವರೆ ಮಿಲಿಮೀಟರಿನಷ್ಟು ಸವರಿ, ಒಸಡಿನಂಚಿನಲ್ಲಿ ಒಂದು ನಯವಾದ ಮೆಟ್ಟಿಲು ಬಿಡುತ್ತಾರೆ. ಒಸಡನ್ನು ಸರಿಸಲು ನೂಲಿನಂಥ ಎಳೆ ಇಟ್ಟು, ತೆಗೆದು, ಸಿಲಿಕೋನಿನ ಅಚ್ಚು ತೆಗೆಯುತ್ತಾರೆ. ಸಹಾಯಕಿ ಎರಡು ಬಣ್ಣದ ಮುದ್ದೆಗಳನ್ನು ಹೋಳಿಗೆಯ ಕಣಕದ ಹದಕ್ಕೆ ನಾದಿ ಕೊಡುವಷ್ಟರಲ್ಲಿ ಮೇಡಂ ತೆಳುವಾದದ್ದನ್ನು ಹಲ್ಲಿನ ಸುತ್ತ ಹರಿಸಿರಬೇಕು. ಅಚ್ಚು ಹೊರಬಂದಾಗ ಅವರು ಕನ್ನಡಕ ಏರಿಸಿಕೊಂಡು ಹುಡುಕುವುದು ಆ ಮೆಟ್ಟಿಲಿನ ಗೆರೆಯನ್ನು ಮಾತ್ರ. ಎಲ್ಲೂ ತುಂಡಾಗದೆ, ಗುಳ್ಳೆಯಿಲ್ಲದೆ, ಸುತ್ತು ಬಂದಿದೆಯೇ ಎಂದು. ಒಂದು ಕಡೆ ಮಸುಕಾಗಿದ್ದರೂ ಮತ್ತೆ ತೆಗೆಯುತ್ತಾರೆ, ನಾನು ಕಾಯುತ್ತೇನೆ, ಸಂತೋಷದಿಂದ.

ಲ್ಯಾಬಿನಲ್ಲಿ ಆ ಅಚ್ಚಿನಿಂದ ಗಟ್ಟಿ ಜಿಪ್ಸಂ ಕಲ್ಲಿನ ಹಲ್ಲು ಮೂಡುತ್ತದೆ. ಅದರ ಮೇಲೆ ಮೇಣದಿಂದ ಕವಚ ತಿದ್ದಿ, ಸುತ್ತ ಲೇಪ ಸುರಿದು, ಮೇಣ ಕರಗಿಸಿ ಹರಿಯಬಿಟ್ಟು, ಆ ಖಾಲಿಗೆ ಲೋಹ ಎರೆಯುತ್ತಾರೆ. ದಂತವೈದ್ಯಕ್ಕೆ ಈ ಎರಕವನ್ನು 1907ರಲ್ಲಿ ತಂದವರು ವಿಲಿಯಂ ಟ್ಯಾಗರ್ಟ್. ವಿಗ್ರಹ ಎರೆಯಲು ಇದೇ ಕ್ರಮವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ತನ್ನ 'ಮಾನಸೋಲ್ಲಾಸ'ದಲ್ಲಿ ವಿವರಿಸಿದ್ದಾನೆ. ದೇವರ ವಿಗ್ರಹಕ್ಕೆ ಸಲ್ಲುವ ವಿದ್ಯೆ ದವಡೆ ಹಲ್ಲಿಗೂ ಸಲ್ಲುತ್ತದೆ.

ಲೋಹದ ಮೇಲೆ ಪಿಂಗಾಣಿ. ಮೊದಲು ಲೋಹದ ಕಪ್ಪನ್ನು ಮುಚ್ಚುವ ಅಪಾರದರ್ಶಕ ಪದರ. ಆಮೇಲೆ ನೀರಿನಲ್ಲಿ ಕಲಸಿದ ಪುಡಿಯನ್ನು ಸಣ್ಣ ಕೂದಲಿನ ಕುಂಚದ ತುದಿಯಲ್ಲಿ ಎತ್ತಿ, ಇಟ್ಟು, ಮೆಲ್ಲಗೆ ತಟ್ಟಿ, ಮೇಲೆ ಬಂದ ನೀರನ್ನು ಟಿಶ್ಯೂ ಕಾಗದಕ್ಕೆ ಹೀರಿಸಿಕೊಳ್ಳುತ್ತಾರೆ. ಡೆಂಟಿನ್ನಿಗೆ ಒಂದು ಪುಡಿ, ಎನಾಮಲ್ಲಿಗೆ ಒಂದು, ಅಂಚಿನ ನೀಲಿಗೆ ಇನ್ನೊಂದು. ಹಸಿಯಾಗಿರುವಾಗ ಎಲ್ಲವೂ ಒಂದೇ ಬಿಳಿ. ಬಣ್ಣ ಕಾಣುವುದು ಸುಮಾರು 900 ಡಿಗ್ರಿಯ ಕುಲುಮೆಯಿಂದ ಬಂದ ಮೇಲೆ. ಸುಡುವಾಗ ಕುಗ್ಗುತ್ತದೆಂದು ಬೇಕಾದದ್ದಕ್ಕಿಂತ ದಪ್ಪಗೆ ಕಟ್ಟಿರುತ್ತಾರೆ. ಕಾಣದ ಬಣ್ಣದಲ್ಲಿ, ಇಲ್ಲದ ಅಳತೆಗೆ ಕೆಲಸ ಮಾಡಬೇಕು. ಹೊಸದಾಗಿ ಬಂದ ಹಲ್ಲಿನ ಮೇಲ್ಮೈಯಲ್ಲಿ ಅಡ್ಡಲಾಗಿ ಸೂಕ್ಷ್ಮ ಅಲೆಗಳಿರುತ್ತವೆ, ವಯಸ್ಸಾದಂತೆ ಸವೆಯುತ್ತವೆ. ಹದಿನೆಂಟರ ಹುಡುಗಿಗಾದರೆ ಟೆಕ್ನಿಷಿಯನ್ ಆ ಅಲೆಗಳನ್ನು ಕೆತ್ತಿಡುತ್ತಾನೆ, ಅರವತ್ತರವರಿಗಾದರೆ ಬಿಡುತ್ತಾನೆ. ಪಾವಗಡದ ಕಡೆಯಿಂದಲೋ ಕೋಲಾರದಿಂದಲೋ ಬಂದವರ ಹಲ್ಲಿನಲ್ಲಿ ಫ್ಲೋರೈಡ್ ನೀರಿನ ಗುರುತಾಗಿ ಸುಣ್ಣದ ಬಿಳಿಯ ಮೋಡಗಳು, ಕಂದು ಗೆರೆಗಳು ಇರುತ್ತವೆ. ಒಂದೇ ಒಂದು ಕ್ಯಾಪ್ ಆದರೆ ಆ ಮೋಡಗಳೂ ಅದರಲ್ಲಿ ಇರಬೇಕು, ಇಲ್ಲವಾದರೆ ಅದೊಂದೇ ಹಲ್ಲು ಹೊರಗಿನದಾಗಿ ಕಾಣುತ್ತದೆ. ಅಂಥದೊಂದನ್ನು ಮೇಡಂ ನನ್ನ ಅಂಗೈಯಲ್ಲಿಟ್ಟು ತೋರಿಸಿದ್ದರು. ಉಗುರಿನಷ್ಟು ಜಾಗದಲ್ಲಿ ಮೂರು ತೇಲುವ ಬಿಳಿ ಮೋಡ, ಬುಡದಲ್ಲಿ ಚಹಾ ಬಣ್ಣದ ಒಂದು ಎಳೆ. ಹಿಂದಿರುಗಿಸಲು ಮನಸ್ಸೇ ಬರಲಿಲ್ಲ.

ಈಗ ಜಿರ್ಕೋನಿಯಾ ಬಂದಿದೆ. ಕ್ಯಾಮೆರಾದಿಂದ ಅಳತೆ, ಕಂಪ್ಯೂಟರಿನಲ್ಲಿ ಆಕಾರ, ಯಂತ್ರದ ಕಡೆತ, ಸುಮಾರು 1500 ಡಿಗ್ರಿಯ ಸುಡುವಿಕೆ. ಬಲವಾದದ್ದು, ದವಡೆ ಹಲ್ಲಿಗೆ ಬಲು ಒಳ್ಳೆಯದು; ಮುಂದಿನ ಹಲ್ಲಿಗಾದರೆ ನನ್ನ ಮನಸ್ಸು ಇನ್ನೂ ಕುಂಚದ ಕಡೆಗೇ. ಇಂಪ್ಲಾಂಟಿನ ಬಗ್ಗೆ ಹೆಚ್ಚು ಹೇಳಲಾರೆ. ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಕೂರಿಸಿದ ಟೈಟೇನಿಯಂ ಮೊಳೆ ಮೂಳೆಯೊಂದಿಗೆ ಬೆಸೆದುಕೊಳ್ಳುವುದು ದೊಡ್ಡ ಸಂಗತಿಯೇ. ಆದರೆ ಅದಕ್ಕೆ ಆ ನಾರಿನ ಹಾಸು ಇಲ್ಲ, ಸ್ಪರ್ಶ ಮಂದ. ಅದರ ಕಚ್ಚುವಿಕೆಯನ್ನು ಆ 8 ಮೈಕ್ರಾನಿನ ಹಾಳೆಯಿಂದಲೇ ನೋಡಬೇಕು.

ಮಕ್ಕಳ ಸರದಿಯಲ್ಲಿ ಕ್ಲಿನಿಕ್ಕಿನ ದನಿಯೇ ಬೇರೆ. "ಪುಟ್ಟಾ, ಇದು ಗಾಳಿ ಬಿಡೋ ಮೆಷಿನ್ನು, ಕೈ ಕೊಡು" ಎಂದು ಮೊದಲು ಹೆಬ್ಬೆರಳಿನ ಉಗುರಿನ ಮೇಲೆ ಪಾಲಿಷಿನ ಬ್ರಷ್ ತಿರುಗಿಸಿ, ಕಚಗುಳಿ ಇಟ್ಟು, ಆಮೇಲೆ ಬಾಯಿಗೆ. ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ಮೊದಲ ದವಡೆ ಹಲ್ಲಿನ ಆಳವಾದ ಗೀರುಗಳಿಗೆ ತೆಳು ಸೀಲೆಂಟ್ ಹರಿಸುವುದು ಎರಡು ಮೂರು ನಿಮಿಷದ ಕೆಲಸ. ಹಲ್ಲು ಕೀಳುವುದರಲ್ಲೂ ಬಲಕ್ಕಿಂತ ತಾಳ್ಮೆ ಮುಖ್ಯ. ಇಕ್ಕಳವನ್ನು ಮೊದಲು ಎಳೆಯುವುದಿಲ್ಲ, ಬೇರಿನ ಕಡೆಗೆ ಒತ್ತುತ್ತಾರೆ. ಮೂಳೆ ಹಿಗ್ಗಿ ದಾರಿ ಬಿಡುವ ತನಕ ಕಾಯುತ್ತಾರೆ.

ಇವೆಲ್ಲಕ್ಕಿಂತ ಸಾವಧಾನದ ಕೆಲಸ ಹಲ್ಲುಸೆಟ್ಟು. ಮೊದಲ ಅಳತೆ ಆಲ್ಜಿನೇಟಿನಲ್ಲಿ, ಕಡಲಪಾಚಿಯಿಂದ ಬಂದ ಪುಡಿ. ಅದುವರೆಗೆ ಅಳತೆಗೆ ಬಳಸುತ್ತಿದ್ದ ಜಪಾನಿನ ಅಗರ್ ಎರಡನೆಯ ಮಹಾಯುದ್ಧದಲ್ಲಿ ಸಿಕ್ಕದಿದ್ದಾಗ ಬಳಕೆಗೆ ಬಂದದ್ದು. ಎರಡನೆಯ ಅಳತೆಗೆ ಲವಂಗದೆಣ್ಣೆಯ ಯುಜಿನಾಲ್ ಬೆರೆಸಿದ ಲೇಪ. ಹಲ್ಲಿನ ಆಸ್ಪತ್ರೆಯ ವಾಸನೆ ಎಂದು ನಾವು ಗುರುತಿಸುವ ಆ ಬೆಚ್ಚನೆಯ ಘಾಟು ಇದರದೇ. ಹಲ್ಲುನೋವಿಗೆ ಲವಂಗ ಕಚ್ಚಿಕೊಂಡಿರು ಎನ್ನುವ ಅಜ್ಜಿಯರಿಗೆ ಕ್ಲಿನಿಕ್ಕಿಗೆ ಬಂದರೆ ಪರಿಚಯದ ಪರಿಮಳ. "ಆ... ಅನ್ನಿ ಅಜ್ಜಿ" ಎಂದು ಮೇಡಂ ಹೇಳುವುದು ಅಂಗುಳಿನ ಹಿಂಬದಿ ಎಲ್ಲಿಂದ ಅಲುಗುತ್ತದೆ ನೋಡಲು; ಸೆಟ್ಟಿನ ಅಂಚು ಅಲ್ಲಿಗೆ ಮುಗಿಯಬೇಕು, ಗಾಳಿ ಒಳನುಗ್ಗದಂತೆ. ಮೇಲಿನ ಸೆಟ್ಟನ್ನು ಹಿಡಿದು ನಿಲ್ಲಿಸುವುದು ಅಂಟಲ್ಲ, ಅಂಗುಳಿಗೂ ಅದಕ್ಕೂ ನಡುವಿನ ಜೊಲ್ಲಿನ ಒಂದು ತೆಳು ಪೊರೆ.

ಅಂತಿಮ ಸೆಟ್ಟಿಗೆ ಮುಂಚೆ ಮೇಣದ ಮೇಲೆ ಹಲ್ಲು ಜೋಡಿಸಿದ ಟ್ರಯಲ್ ಇರುತ್ತದೆ. ನನಗೆ ಅತಿ ಪ್ರಿಯವಾದ ದಿನ ಅದು. ಮೇಡಂ ಹಳೆಯ ಮದುವೆ ಫೋಟೊ ತರಲು ಹೇಳಿರುತ್ತಾರೆ. ಫೋಟೊದಲ್ಲಿ ಮುಂದಿನ ಹಲ್ಲು ಒಂದರ ಮೇಲೊಂದು ತುಸು ಏರಿದ್ದರೆ, ಬಿಸಿ ಮಾಡಿದ ಸಲಕರಣೆಯಿಂದ ಮೇಣವನ್ನು ಮೆತ್ತಗೆ ಮಾಡಿ ಆ ಏರನ್ನು ಮರಳಿ ತರುತ್ತಾರೆ. ಕನ್ನಡಿ ಕೊಡುವ ಮುನ್ನ ಮಾತಾಡಿಸುತ್ತಾರೆ, "ಅರವತ್ತರಿಂದ ಎಪ್ಪತ್ತರವರೆಗೆ ಎಣಿಸಿ. ಈಗ ಸಾಸಿವೆ, ಸಕ್ಕರೆ, ಸೀಗೆಕಾಯಿ ಅನ್ನಿ." ಸಕಾರ ಸೀಟಿಯಾದರೆ ಹಲ್ಲಿನ ಹಿಂದೆ ಮೇಣ ಕಡಿಮೆ ಇದೆ, ತೊದಲಿದರೆ ಹೆಚ್ಚಿದೆ. ದನಿ ಕೇಳುತ್ತ, ತೆಗೆಯುತ್ತ, ಸೇರಿಸುತ್ತ ಹೋಗುತ್ತಾರೆ. ಒಂದು ಹಂತದಲ್ಲಿ ಅಜ್ಜಿ ಎಣಿಸುವುದನ್ನು ಬಿಟ್ಟು ಮೊಮ್ಮಗಳ ಸಂಗತಿ ಹೇಳಲು ಶುರುಮಾಡುತ್ತಾರೆ, ಸೆಟ್ಟು ಬಾಯಲ್ಲಿರುವುದು ಅವರಿಗೆ ಮರೆತುಹೋಗಿರುತ್ತದೆ. ಮೇಡಂ ಸಲಕರಣೆ ಕೆಳಗಿಡುವುದು ಆಗ.

ಮೇಣ ಹೋಗಿ ಅಕ್ರಿಲಿಕ್ ಬಂದ ಮೇಲೆ ಹೊರಮೈಯನ್ನು ಮಿರಮಿರನೆ ಪಾಲಿಷ್ ಮಾಡಿರುತ್ತಾರೆ. ಒಸಡಿನ ಉಬ್ಬು, ಕಿತ್ತಳೆ ಸಿಪ್ಪೆಯಂಥ ಸಣ್ಣ ಚುಕ್ಕೆಗಳು, ಎರಡು ಹಲ್ಲಿನ ಮಧ್ಯದ ತಗ್ಗು ಎಲ್ಲವೂ ಇರುತ್ತವೆ. ಒಳಮೈಯನ್ನು ಮಾತ್ರ ಪಾಲಿಷ್ ಮಾಡುವುದಿಲ್ಲ. ಅಲ್ಲಿ ಅಳತೆಯ ಗೆರೆಗೆರೆಯೂ ಹಾಗೇ ಉಳಿಯಬೇಕು. ಮರುದಿನ ಬಂದಾಗ ಆ ಒಳಮೈಗೆ ಬಿಳಿ ಲೇಪ ಸವರಿ ಬಾಯಿಗಿಟ್ಟು ತೆಗೆಯುತ್ತಾರೆ. ಒತ್ತುವ ಜಾಗದಲ್ಲಿ ಲೇಪ ಅಳಿಸಿ ಗುಲಾಬಿ ಬಣ್ಣ ಇಣುಕುತ್ತದೆ. ಅಷ್ಟನ್ನೇ ಸವರಿ, ತೊಳೆದು, ಮತ್ತೆ ಇಟ್ಟು "ಈಗ ಹೇಗಿದೆ ಅಜ್ಜಿ?" ಎಂದು ಕೇಳುತ್ತಾರೆ. "ಇನ್ನೂ ಒಂಚೂರು, ಇಲ್ಲಿ" ಎಂದು ಅಜ್ಜಿ ಬೆರಳಿಟ್ಟು ತೋರಿಸುತ್ತಾರೆ.